‘ಡೊಮೆಸ್ಟಿಕ್’ ಸರಿ, ‘ಕರ್ಟಿಲೇಜ್’ಗೆ ಏನನ್ನೋಣ?

ಗೆಳೆಯರೇ,

ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಬಗ್ಗೆ ಒಂದು ಬರಹ ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಈ ಉಪಗ್ರಹದ ಚಿತ್ರಗಳನ್ನು ದೇಶದೊಳಗಿನ ಕೆಲಸಕ್ಕೆ, ಮುಂದೆ ಪೊಲೀಸರಿಗೂ ಕೊಡಬೇಕು ಅಂತ 2007ರಲ್ಲಿ ಒಂದು ಕಚೇರಿ ತೆರೆಯಲು ಹೊರಟಿತ್ತು. ಸಂಸದರು ತಕರಾರು ಎತ್ತಿದರು, 2009ರಲ್ಲಿ ಇಲಾಖೆ ಆ ಯೋಜನೆಯನ್ನೇ ಕೈಬಿಟ್ಟಿತು.

ಇದರಲ್ಲಿ ‘ಡೊಮೆಸ್ಟಿಕ್ ಯೂಸ್’ ಅಂತ ಬರುತ್ತದೆ. ‘ಗೃಹಬಳಕೆ’ ಅಂತ ಬರೆದು ನಾನೇ ನಕ್ಕೆ, ಉಪಗ್ರಹ ಅಡುಗೆಮನೆಗೆ ಬಂದ ಹಾಗಾಯ್ತು. ‘ದೇಶೀಯ’ ಅಂದರೆ ಅಲ್ಲೇ ತಯಾರಾದದ್ದು ಅನ್ನಿಸುತ್ತದೆ. ‘ಸ್ವಂತ ಜನರ ಮೇಲೆ ಬಳಕೆ’ ಅನ್ನೋಣ ಅಂದರೆ ಪ್ರವಾಹ, ಕಾಡ್ಗಿಚ್ಚು ನೋಡೋದಕ್ಕೂ ಇವನ್ನು ಬಳಸುತ್ತಾರಲ್ಲ, ಸುಮ್ನೆ ಆರೋಪ ಹೊರಿಸಿದಂತೆ. ಹಾಗಾಗಿ ‘ದೇಶದೊಳಗಿನ ಬಳಕೆ’ ಅಂತಲೇ ಇಟ್ಟಿದ್ದೇನೆ.

ನಿಜವಾದ ತಲೆನೋವು ‘ಕರ್ಟಿಲೇಜ್’. ಮನೆಗೆ ಅಂಟಿಕೊಂಡ, ಮನೆವಾಳ್ತೆಯ ಓಡಾಟ ನಡೆಯುವ ಜಾಗ ಅದು. ಸರ್ಕಾರ ಸಕಾರಣವಿಲ್ಲದೆ ಶೋಧ ಮಾಡದಂತೆ ಅವರ ಸಂವಿಧಾನದ ನಾಲ್ಕನೇ ತಿದ್ದುಪಡಿ ಮನೆಗೆ ಕೊಡುವ ರಕ್ಷಣೆ ಇದಕ್ಕೂ ಇದೆ, ಅದರಾಚೆಯ ಬಯಲಿಗೆ ಇಲ್ಲ.

ಮೊದಲು ‘ಆವರಣ’ ಅಂತ ಹಾಕಿದ್ದೆ. ಡೌ ಕೆಮಿಕಲ್ ಮೊಕದ್ದಮೆಗೆ ಬಂದಾಗ ಕೆಟ್ಟಿತು. ಪರಿಸರ ಇಲಾಖೆಯವರು ಕಾರ್ಖಾನೆಯ ಫೋಟೋಗಳನ್ನು ವಿಮಾನದಿಂದ ತೆಗೆಸಿದ್ದರು. ಕಾರ್ಖಾನೆಯ ಜಾಗವೂ ಕರ್ಟಿಲೇಜ್ ಇದ್ದ ಹಾಗೆ ಅಂತ ಕಂಪನಿ ವಾದಿಸಿತು, 1986ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನನ್ನ ಅನುವಾದದಲ್ಲಿ ಅದು ‘ಕಾರ್ಖಾನೆಯ ಆವರಣ ಆವರಣವಲ್ಲ’ ಅಂತಾಗಿ ಕೂತಿದೆ! (ಉಪಗ್ರಹದಂಥ, ಸಾಮಾನ್ಯರ ಕೈಗೆ ಸಿಗದ ಸಾಧನ ಬಳಸಿದರೆ ವಾರಂಟ್ ಬೇಕಾಗಬಹುದು ಎಂಬ ಮಾತು ಇದೇ ತೀರ್ಪಿನಲ್ಲಿದೆ, ಅದಕ್ಕೇ ಇದನ್ನು ಬಿಡುವ ಹಾಗಿಲ್ಲ.)

ಆಮೇಲೆ ‘ಹಿತ್ತಲು’ ಹಾಕಿ ನೋಡಿದೆ. ಅದೇ ವರ್ಷದ ಸಿರಾವೊಲೊ ಮೊಕದ್ದಮೆಗೆ ಹೇಳಿ ಮಾಡಿಸಿದ ಹಾಗಿದೆ. ಕ್ಯಾಲಿಫೋರ್ನಿಯಾದ ಒಬ್ಬಾತ ಹಿತ್ತಲಲ್ಲಿ ಗಾಂಜಾ ಬೆಳೆದಿದ್ದ, ಸುತ್ತ ಎರಡು ಬೇಲಿ, ಒಳಗಿನದು 10 ಅಡಿ. ಪೊಲೀಸರು 1000 ಅಡಿ ಎತ್ತರದಲ್ಲಿ ವಿಮಾನದಲ್ಲಿ ಹೋಗಿ ಬರಿಗಣ್ಣಲ್ಲೇ ನೋಡಿದರು. ಅದು ಹಿತ್ತಲೇ ಹೌದು, ಆದರೂ ವಿಮಾನ ಓಡಾಡುವ ದಾರಿಯಿಂದ ಯಾರಿಗೂ ಕಾಣುವುದನ್ನು ನೋಡೋಕೆ ವಾರಂಟ್ ಬೇಡ ಅಂತ ಕೋರ್ಟ್ ಹೇಳಿತು. ಇಲ್ಲಿ ಪದ ಚೆನ್ನಾಗಿ ಕೂರುತ್ತದೆ. ಆದರೆ ಮನೆ ಮುಂದಿನ ಜಗುಲಿಯೂ ಕರ್ಟಿಲೇಜೇ, ಅದನ್ನು ಹಿತ್ತಲು ಅಂದರೆ ಓದಿದವರು ನಗ್ತಾರೆ ಅಲ್ವಾ? ‘ಅಂಗಳ’ಕ್ಕೆ ಇದೇ ತೊಂದರೆ, ತಿರುಗಾಮುರುಗ.

‘ಪ್ರೈವಸಿ’ಗೆ ‘ಖಾಸಗಿತನ’ ಅಂತ ಬಳಸಿದ್ದೇನೆ. ‘ಗೋಪ್ಯತೆ’ ಉಪಗ್ರಹದವರಿಗೇ ಜಾಸ್ತಿ ಒಪ್ಪುತ್ತದೆ, ಅವರ ಚಿತ್ರಗಳೇ ಗೋಪ್ಯ.

ಸದ್ಯಕ್ಕೆ ‘ಮನೆಸುತ್ತು’ ಅಂತ ಒಂದು ಪದ ಕಟ್ಟಿಕೊಂಡಿದ್ದೇನೆ. ಹಳೇ ಕ್ರಯಪತ್ರಗಳನ್ನು ಓದಿ ಅಭ್ಯಾಸ ಇರುವವರು ಯಾರಾದರೂ ಇದ್ದರೆ, ಮನೆಯ ಹಿಂದೆ ಮುಂದೆ ಎರಡನ್ನೂ ಸೇರಿಸಿ ಹೇಳುವ ಪದ ಅವುಗಳಲ್ಲಿ ಇದೆಯಾ?