ಕೊಪ್ಪಳದಲ್ಲೇ ಕೂತು ಮ್ಯೂಸಿಕ್ ಮಾಡಿ ಬದುಕಬಹುದಾ? ಕೆಲಸ ಬಿಡಲಾ?

ಭಾಗ್ಯನಗರದ ಕೀಬೋರ್ಡ್:
ಎಲ್ಲರಿಗೂ ನಮಸ್ಕಾರ. ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಊಟ ಆದಮೇಲೆ ಎಫ್‌ಎಲ್ ಸ್ಟುಡಿಯೋ (ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ಸಾಫ್ಟ್‌ವೇರ್) ತೆರೆದು ಕೂರುತ್ತೇನೆ. ಜಾನಪದ ಹಾಡಿಗೆ ಟ್ರ್ಯಾಕ್ ಮಾಡುವುದು, ವಾಯ್ಸ್ ತೆಗೆದು ಮಿಕ್ಸ್ ಮಾಡಿ ಕೊಡುವುದು. ಗವಿಮಠದ ಜಾತ್ರೆ ಹತ್ತಿರ ಬಂದರೆ ನಿದ್ದೆ ಇರುವುದಿಲ್ಲ, ಮಳೆಗಾಲದಲ್ಲಿ ಫೋನೇ ಬರುವುದಿಲ್ಲ. ಕೆಲಸ ಬಿಟ್ಟು ಪೂರ್ತಿ ಇದನ್ನೇ ಹಿಡಿಯೋಣ ಅಂತ ಆಸೆ. ಅಪ್ಪ ಮಾತು ಬಿಟ್ಟಿದ್ದಾರೆ. ಬೆಂಗಳೂರಿಗೆ ಹೋಗಲೇಬೇಕಾ?

ಬಳ್ಳಾರಿ ಬೀಟ್ಸ್:
ಬೆಂಗಳೂರು ಯಾಕಪ್ಪಾ? ಹಾಡುವವರು, ಡೊಳ್ಳಿನವರು ಎಲ್ಲ ಇಲ್ಲೇ ಇದ್ದಾರೆ. ಅಲ್ಲಿ ಹೋದರೆ ಬಾಡಿಗೆ ಕಟ್ಟೋಕೇ ದುಡಿಯಬೇಕು. ನಿನಗೆ ಬೇಕಿರುವುದು ಕಾಗದ. ನನ್ನ ಕಥೆ ಕೇಳು. ಒಬ್ಬರಿಗೆ 3000 ರೂಪಾಯಿಗೆ ಟ್ಯೂನ್ ಹಾಕಿ ಕೊಟ್ಟೆ, ಮಾತೆಲ್ಲ ವಾಟ್ಸಾಪ್‌ನಲ್ಲೇ, ಕೊನೆಗೆ 'ಓಕೆ ಅಣ್ಣಾ' ಅಂತ ಒಂದು ಮೆಸೇಜ್, ಅಷ್ಟೇ. ಹಾಡು ಓಡಿತು. ವರ್ಷ ಬಿಟ್ಟು ಅದೇ ಟ್ಯೂನನ್ನು ಕೊಳಲಿನಲ್ಲಿ ನುಡಿಸಿ ನನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದರೆ 'ಇದು ನಮ್ಮದು' ಅಂತ ನನಗೇ ಕಾಪಿರೈಟ್ ಕ್ಲೇಮ್ ಬಂತು! ಆಮೇಲೆ ತಿಳಿಯಿತು, ಸಹಿ ಮಾಡಿದ ಬರಹ ಇಲ್ಲದೆ ಕಾಪಿರೈಟ್ ಯಾರಿಗೂ ವರ್ಗ ಆಗುವುದಿಲ್ಲ. ಆದರೆ ಜಗಳಕ್ಕೆ ಹೋಗಲು ದುಡ್ಡೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಅದಕ್ಕೇ ಒಂದು ಹಾಳೆಯಲ್ಲಾದರೂ ಬರೆಸಿಕೋ: ಟ್ಯೂನ್ ಯಾರದು, ಎಷ್ಟು ವರ್ಷಕ್ಕೆ ಕೊಟ್ಟಿದ್ದು. ವರ್ಷ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ. ಮತ್ತೆ ಅರ್ಧ ದುಡ್ಡು ಮುಂಚೆಯೇ. ಉಳಿದ ಅರ್ಧ ಬರುವವರೆಗೆ ಪೂರ್ತಿ ಕ್ವಾಲಿಟಿಯ ವೇವ್ ಫೈಲ್ ಕೊಡಬೇಡ, ನಡುನಡುವೆ ಬೀಪ್ ಹಾಕಿದ ಎಂಪಿ3 ಕಳಿಸು.

ರಾಯಚೂರು ಬಿಸಿಲು:
ಮೇಲಿನವರು ಹೇಳಿದ್ದು ಸರಿ. ಟ್ಯೂನ್ ನಿಮ್ಮದೇ ಆದರೆ ಐಪಿಆರ್‌ಎಸ್ ಅನ್ನುವ ಸಂಸ್ಥೆಯ ಸದಸ್ಯರಾಗಿ. ಅದು 1969ರಿಂದ ಇದೆ, ಸಾಹಿತ್ಯ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ದುಡ್ಡು, ತಂದುಕೊಡುತ್ತದೆ. ಬರೀ ಮಿಕ್ಸ್ ಮಾಡಿದವರಿಗೆ ಅಲ್ಲಿಂದ ಏನೂ ಇಲ್ಲ. ಇನ್ನೊಂದು, ಎಲ್ಲರೂ ಬಳಸುವ ರೆಡಿ ಲೂಪ್ (ಮೊದಲೇ ಮಾಡಿಟ್ಟ, ಮತ್ತೆ ಮತ್ತೆ ಬರುವ ಸಂಗೀತದ ತುಣುಕು) ಹಾಕಿದ ಹಾಡನ್ನು, ಹಾಡು ಯಾರದು ಅಂತ ತಾನೇ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ ಕೊಡಬೇಡಿ, ಅದೇ ಲೂಪ್ ಹಾಕಿದ ಬೇರೆಯವರಿಗೂ ಕ್ಲೇಮ್ ಹೋಗಿ ರಾದ್ಧಾಂತ ಆಗುತ್ತದೆ. ಹಲಗೆ, ತಾಳ ನೀವೇ ರೆಕಾರ್ಡ್ ಮಾಡಿ. ರೂಮಿಗೆ ಫೋಮ್ ತರಲು ದುಡ್ಡು ಸುರಿಯಬೇಡಿ. ನಾನು ಅಜ್ಜಿಯ ನಾಲ್ಕು ಕೌದಿ ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ಹಾಕಿದ್ದೇನೆ, ವಾಯ್ಸ್‌ನಲ್ಲಿ ಗುಂಯ್ ಅನ್ನುವುದು ಎಷ್ಟೋ ಕಡಿಮೆ. ಫ್ಯಾನ್ ಮಾತ್ರ ಆಫ್ ಮಾಡಲೇಬೇಕು. ಮೇ ತಿಂಗಳಲ್ಲಿ ಒಂದು ತತ್ವಪದ ಮುಗಿಯುವಷ್ಟರಲ್ಲಿ ಹಾಡುವವರ ಅಂಗಿ ಒದ್ದೆ. ಹಾಗಾಗಿ ನಮ್ಮಲ್ಲಿ ರೆಕಾರ್ಡಿಂಗ್ ಬೆಳಗಿನ ಜಾವ, ಕೋಳಿ ಕೂಗುವ ಮೊದಲು.

ಸುಮ್ನೆ ಓದುವವ:
ಕೆಲಸ ಈಗಲೇ ಬಿಡಬೇಡಿ. ಮಳೆಗಾಲದ ನಾಲ್ಕು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇರಲಿ. ಮದುವೆ, ಅಂಗಡಿ ಜಾಹೀರಾತು, ಚುನಾವಣೆ ಪ್ರಚಾರದ ಆಡಿಯೋ, ಯಾವುದನ್ನೂ ಬೇಡ ಅನ್ನಬೇಡಿ. ಹೆಸರು ಬರಲ್ಲ, ಕರೆಂಟ್ ಬಿಲ್ ಕಟ್ಟುತ್ತದೆ ಅಲ್ವಾ.

ಭಾಗ್ಯನಗರದ ಕೀಬೋರ್ಡ್:
ತುಂಬಾ ಥ್ಯಾಂಕ್ಸ್. ಈ ಜಾತ್ರೆ ಮುಗಿಯುವವರೆಗೆ ಅಂಗಡಿ ಬಿಡುವುದಿಲ್ಲ, ನಿರ್ಧಾರ ಆಯಿತು. ನಿನ್ನೆ ಬಂದವರಿಗೆ ಹಾಳೆ ಮುಂದೆ ಇಟ್ಟೆ. 'ನಮ್ಮ ಮೇಲೆ ನಂಬಿಕೆ ಇಲ್ವಾ' ಅಂತ ಮುಖ ಊದಿಸಿಕೊಂಡರು, ಆದರೂ ಸಹಿ ಹಾಕಿದರು. ಕೌದಿ ಕೇಳಿದ್ದಕ್ಕೆ ಅಮ್ಮ ಬೈಯುತ್ತಿದ್ದಾರೆ. ಎರಡು ಸಿಕ್ಕಿವೆ.