ಮಲೆನಾಡಿನ ಕ್ಯಾಂಪಸ್ಸಿಗೆ ಸಿಂಥೆಟಿಕ್ ಟ್ರ್ಯಾಕ್ ಮೊದಲಾ, ಒಳಾಂಗಣ ಕ್ರೀಡಾಂಗಣ ಮೊದಲಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಸಾಗರದ ಕಡೆಯಿಂದ:

ನಮಸ್ಕಾರ. ನಾನು ಇಲ್ಲಿನ ಒಂದು ಕ್ಯಾಂಪಸ್ಸಿನಲ್ಲಿ ದೈಹಿಕ ಶಿಕ್ಷಣ ವಿಭಾಗದಲ್ಲಿದ್ದೇನೆ. ಹೊಸ ತರಗತಿ ಬ್ಲಾಕ್ ಕಟ್ಟುವ ಕೆಲಸ ಶುರುವಾಗಲಿದೆ. ಅದರ ಜೊತೆಗೇ ಕ್ರೀಡಾ ಸೌಲಭ್ಯಕ್ಕೂ ಹಣ ಇಡುವ ಮಾತಿದೆ. ಕಟ್ಟಡ ಸಮಿತಿಯಲ್ಲಿ ನನ್ನನ್ನೂ ಸೇರಿಸಿದ್ದಾರೆ. ಸಮಿತಿಯ ಹೆಚ್ಚಿನವರಿಗೆ 400 ಮೀಟರ್ ಸಿಂಥೆಟಿಕ್ ಟ್ರ್ಯಾಕ್ ಬೇಕು. ಈಗಿರುವುದು ಇಳಿಜಾರಿನ ಮಣ್ಣಿನ ಮೈದಾನ. ಒಂದು ಬದಿಗೆ ಧರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಬದಿಗೆ ಗದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಏನೂ ಆಡೋಕೆ ಆಗಲ್ಲ. ಇಂಥ ಕೆಲಸ ಮಾಡಿಸಿದವರು, ಇಂಥ ಜಾಗದಲ್ಲಿ ಆಡಿದವರು ದಯವಿಟ್ಟು ಹೇಳಿ. ಎಸ್ಟಿಮೇಟ್ ಅಂತಿಮವಾಗುವ ಮೊದಲು ನಾನು ಏನೇನು ಕೇಳಬೇಕು?

ಸಿವಿಲ್ ಎಂಜಿನಿಯರ್, ಶಿವಮೊಗ್ಗ:

ಸರ್, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಕಾಲೇಜು ಕಟ್ಟಡಗಳನ್ನೂ ಮೈದಾನಗಳನ್ನೂ ಮಾಡಿಸಿದ್ದೇನೆ. ಬಯಲುಸೀಮೆಯ ಕೆಲಸವೂ ಗೊತ್ತು. ನಿಮ್ಮಲ್ಲಿ ದುಡ್ಡು ಮೊದಲು ನೀರು ಹೋಗುವ ದಾರಿಗೆ, ಆಮೇಲೆ ಸೂರಿಗೆ, ಕೊನೆಗೆ ಟ್ರ್ಯಾಕ್‌ಗೆ ಹೋಗಬೇಕು. ಬಯಲುಸೀಮೆಯ ಎಸ್ಟಿಮೇಟನ್ನೇ ತಂದು ಸಾಗರದಲ್ಲಿ ಹಾಕಿದರೆ ಕೆಲಸ ಬಾಳಿಕೆ ಬರುವುದಿಲ್ಲ.

ಲೆಕ್ಕ ನೋಡಿ. 1.22 ಮೀಟರ್ ಅಗಲದ 8 ಲೇನ್ ಇರುವ 400 ಮೀಟರ್ ಟ್ರ್ಯಾಕ್‌ಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಜಾಗ ಬೇಕು. ಚರಂಡಿ, ಅಂಚು, 100 ಮೀಟರ್ ಓಟದ ಎರಡೂ ತುದಿಗೆ ಬಿಡುವ ಜಾಗ ಸೇರಿದರೆ ಹತ್ತಿರಹತ್ತಿರ 5 ಎಕರೆ. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ನಮ್ಮ ಕಡೆ ಒಂದೇ ದಿನ 100 ಮಿಲಿಮೀಟರ್ ಬೀಳುವುದು ಹೊಸದೇನಲ್ಲ. ಅಷ್ಟು ಮಳೆ ಆ 177ಕ್ಕೆ 93 ಮೀಟರ್ ಜಾಗದ ಮೇಲೆ ಬಿದ್ದರೆ ಸುಮಾರು 16 ಲಕ್ಷ ಲೀಟರ್ ನೀರಾಗುತ್ತದೆ. ಇದು ಮೇಲಿಂದ ಬಿದ್ದದ್ದು ಮಾತ್ರ. ಧರೆಯಿಂದ ಇಳಿದು ಬರುವುದು, ಅಡಿಯಿಂದ ಜಲ ಏಳುವುದು ಬೇರೆ. ಹಾಗಾಗಿ ಎಸ್ಟಿಮೇಟ್ ಕೈಗೆ ಬಂದ ತಕ್ಷಣ ಚರಂಡಿಯ ಪುಟ ತೆರೆದು, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಧರೆಯ ನೆತ್ತಿಯಲ್ಲೇ ಒಂದು ಕಾಲುವೆ ಬೇಕು, ಮೇಲಿನ ನೀರು ಮೈದಾನಕ್ಕೆ ಇಳಿಯದಂತೆ. ತಡೆಗೋಡೆ ಕಟ್ಟಿದರೆ ನೀರು ಸೋರಲು ತೂತು ಬಿಟ್ಟಿರಬೇಕು, ಗೋಡೆಯ ಬೆನ್ನಿಗೆ ಕಲ್ಲು ಜಲ್ಲಿ ತುಂಬಿರಬೇಕು. ಕೆಳಗಿನ ಗದ್ದೆಗೆ ಕೆಮ್ಮಣ್ಣು ನೀರು ನುಗ್ಗಿದರೆ ರೈತರ ಸಸಿ ಮುಚ್ಚಿಹೋಗುತ್ತದೆ. ಮಣ್ಣು ತಂಗಲು ಗುಂಡಿ ಮಾಡಿ, ಅಲ್ಲಿಂದ ನೇರ ಹಳ್ಳಕ್ಕೆ ಬಿಡಬೇಕು. ಆ ಗದ್ದೆಯವರ ಹತ್ತಿರ ನಕ್ಷೆ ಹಿಡಿದು ಮೊದಲೇ ಕೂತು ಮಾತಾಡಿ. ನೀರು ಎತ್ತ ಹರಿಯುತ್ತದೆ ಎಂಬುದು ಯಾವ ಸರ್ವೆಯವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಮಣ್ಣು. ಓಡುವ ದಿಕ್ಕಿನಲ್ಲಿ ಟ್ರ್ಯಾಕ್‌ನ ಇಳಿಜಾರು ಶೇ. 0.1 ಮೀರಬಾರದು, ಅಂದರೆ 100 ಮೀಟರ್‌ಗೆ 10 ಸೆಂಟಿಮೀಟರ್. ಅಡ್ಡಕ್ಕೆ ಒಳಗಿನ ಲೇನ್ ಕಡೆ ಶೇ. 1ರವರೆಗೆ ಕೊಡಬಹುದು. ನಿಮ್ಮ ಇಳಿಜಾರಿನಲ್ಲಿ ಇದನ್ನು ಸಾಧಿಸಲು ಧರೆ ಬದಿ ಕಡಿಯಬೇಕು, ಗದ್ದೆ ಬದಿ ತುಂಬಬೇಕು. ಕಡಿದ ಕಡೆ ಜಂಬಿಟ್ಟಿಗೆ ನೆಲ ಗಟ್ಟಿ ಇರುತ್ತದೆ. ತುಂಬಿದ ಕಡೆ ಮಣ್ಣು ಕೂರುತ್ತದೆ. ಎರಡೂ ಸೇರುವ ಗೆರೆಯಲ್ಲೇ ಮೇಲಿನ ಪದರ ಸೀಳುವುದು. ಜೆಸಿಬಿಯಲ್ಲಿ ತಂದು ಸುರಿದು ಮೇಲಿಂದ ಒಮ್ಮೆ ರೋಲರ್ ಓಡಿಸಿದರೆ ಸಾಲದು. 20 ಸೆಂಟಿಮೀಟರ್‌ಗೊಂದು ಪದರ ಹಾಕಿ, ನೀರು ಹೊಡೆದು, ರೋಲರ್ ಓಡಿಸಿ, ಪ್ರತಿ ಪದರಕ್ಕೂ ಗಟ್ಟಿತನದ ಪರೀಕ್ಷೆ ಮಾಡಿಸಬೇಕು. ಆಮೇಲೆ ಒಂದು ಪೂರ್ತಿ ಮಳೆಗಾಲ ಸುಮ್ನೆ ಬಿಡಿ. ಇದೊಂದು ಮಾತನ್ನು ಸಮಿತಿ ಒಪ್ಪಿದರೆ ಅರ್ಧ ಕೆಲಸ ಗೆದ್ದಹಾಗೆ. ಆ ಮಳೆಯಲ್ಲಿ ಕೊಡೆ ಹಿಡಿದು ನಡೆದು ನೋಡಿ. ನೀರು ನಿಲ್ಲುವ ಕಡೆ, ಜಲ ಏಳುವ ಕಡೆ ಗೂಟ ಹೊಡೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನೆಲದಡಿಯ ಪೈಪು ಎಲ್ಲಿ ಹಾಕಬೇಕೆಂದು ಆ ಗೂಟಗಳೇ ಹೇಳುತ್ತವೆ.

ಸಿಂಥೆಟಿಕ್ ಪದರ ಹಾಕುವವರಿಗೆ ಒಣ ಹವೆ ಬೇಕು. ಆ ಪದರದಲ್ಲಿರುವ ಪಾಲಿಯುರಿಥೇನ್ ಎಂಬ ರಾಸಾಯನಿಕಕ್ಕೆ ಗಟ್ಟಿಯಾಗುವ ಮೊದಲು ನೀರು ತಾಗಿದರೆ ಗುಳ್ಳೆ ಏಳುತ್ತದೆ. ಅಡಿಯ ಡಾಂಬರೂ ಹಾಕಿದ ಮೇಲೆ ಕೆಲವು ವಾರ ಆರಬೇಕು. ನಮ್ಮಲ್ಲಿ ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಮಾತ್ರ ನಂಬಬಹುದು, ಮುಂಗಾರಿಗೆ ಮುಂಚಿನ ಗುಡುಗು ಮಳೆ ಯಾವಾಗ ಬರುತ್ತದೋ ಹೇಳಲಾಗದು. ಹಣಕಾಸು ವರ್ಷದ ಕೊನೆ ಎಂದು ಮಾರ್ಚ್‌ನಲ್ಲಿ ಟೆಂಡರ್ ಕರೆದರೆ ಕೆಲಸದ ಆದೇಶ ಬರುವಾಗ ಮಳೆ ಬಾಗಿಲಿಗೆ ಬಂದಿರುತ್ತದೆ. ಅಕ್ಟೋಬರ್‌ಗೇ ಆದೇಶ ಕೈಯಲ್ಲಿರುವ ಹಾಗೆ ದಿನ ಲೆಕ್ಕ ಹಾಕಿ. ಡಾಂಬರು ಮುಗಿದ ಮೇಲೆ ಟ್ಯಾಂಕರ್ ತರಿಸಿ ನೀರು ಬಿಡಿಸಿ. ಸಿಂಥೆಟಿಕ್ ಹಾಕಿದ ಮೇಲೂ ಇದೇ ಪರೀಕ್ಷೆ ಇದೆ: 20 ನಿಮಿಷ ಆದಮೇಲೆ ಎಲ್ಲೂ ನೀರು ನಿಂತಿರಬಾರದು. ಡಾಂಬರಿನ ಹಂತದಲ್ಲೇ ಹೊಂಡ ಕಂಡರೆ ಸರಿ ಮಾಡುವುದು ಸುಲಭ. ಬಿಲ್ಲಿಗೆ ಸಹಿ ಹಾಕುವ ಮೊದಲು ಪದರದ ದಪ್ಪ ಹಲವು ಕಡೆ ಅಳೆಸಿ. ಸಾಮಾನ್ಯವಾಗಿ 13 ಮಿಲಿಮೀಟರ್ ಎಂದು ಟೆಂಡರ್‌ನಲ್ಲಿ ಬರೆದಿರುತ್ತಾರೆ. ದೋಷ ಕಂಡರೆ ಗುತ್ತಿಗೆದಾರರೇ ಸರಿ ಮಾಡಿಕೊಡುವ ಅವಧಿ ಕನಿಷ್ಠ ಎರಡು ಮಳೆಗಾಲ ದಾಟುವ ಹಾಗೆ ಕರಾರಿನಲ್ಲಿ ಬರೆಸಿ.

ಇಷ್ಟಕ್ಕೆಲ್ಲ ಸಮಯ ಬೇಕು, ಅಲ್ವಾ? ಅಷ್ಟರಲ್ಲಿ ಒಳಾಂಗಣ ಕಟ್ಟಿ ಮುಗಿಸಬಹುದು. 40ಕ್ಕೆ 25 ಮೀಟರ್ ಇದ್ದರೆ 28ಕ್ಕೆ 15ರ ಬಾಸ್ಕೆಟ್‌ಬಾಲ್ ಅಂಕಣ ಆರಾಮಾಗಿ ಕೂರುತ್ತದೆ. ಅದೇ ನೆಲದಲ್ಲಿ ವಾಲಿಬಾಲ್, ಬ್ಯಾಡ್ಮಿಂಟನ್ ಗೆರೆಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಹಾಕಬಹುದು. ಎತ್ತರದಲ್ಲಿ ಮಾತ್ರ ಉಳಿತಾಯ ಬೇಡ. ವಾಲಿಬಾಲ್‌ಗೆ ಅಡ್ಡಿ ಇಲ್ಲದ 7 ಮೀಟರ್ ಬೇಕೇ ಬೇಕು, ಬ್ಯಾಡ್ಮಿಂಟನ್‌ಗೆ 9 ಮೀಟರ್ ಇದ್ದರೆ ಒಳ್ಳೆಯದು. ಮರದ ನೆಲ ಬೇಡವೆಂದೇ ಹೇಳುತ್ತೇನೆ. ನಮ್ಮ ತೇವಕ್ಕೆ ಹಲಗೆ ಉಬ್ಬುತ್ತದೆ, ಗೆದ್ದಲು ಬಿಡುವುದಿಲ್ಲ. ತೇವ ಮೇಲೇರದಂತೆ ಅಡಿಗೆ ಹಾಳೆ ಹಾಸಿದ ಕಾಂಕ್ರೀಟು, ಅದರ ಮೇಲೆ ಸಿಂಥೆಟಿಕ್ ಮ್ಯಾಟ್ ಸಾಕು. ಪಡುವಣ ಬದಿಯ ಇರಚಲು ತಡೆಯಲು ಚಾವಣಿ ಚೆನ್ನಾಗಿ ಮುಂದಕ್ಕೆ ಚಾಚಲಿ. ಆದರೆ ಗಾಳಿ ಆಡಲು ಕಿಂಡಿ ಇರಲಿ, ಇಲ್ಲದಿದ್ದರೆ ಜುಲೈನಲ್ಲಿ ನೆಲವೇ ಬೆವರುತ್ತದೆ. ಆ 1,000 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 2,000 ಮಿಲಿಮೀಟರ್ ಮಳೆ ಎಂದು ಹಿಡಿದರೂ 20 ಲಕ್ಷ ಲೀಟರ್. ಒಂದಿಷ್ಟನ್ನು ತೊಟ್ಟಿಗೆ ತುಂಬಿ, ಉಳಿದದ್ದನ್ನು ಇಂಗಿಸಿದರೆ ಬೇಸಿಗೆಯಲ್ಲಿ ಬೋರ್‌ವೆಲ್‌ಗೂ ಅನುಕೂಲ.

ಹಳೆಯ ಓಟಗಾರ್ತಿ, ತೀರ್ಥಹಳ್ಳಿ:

ಮೇಲಿನ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಲೇಜಿನಲ್ಲಿ 800 ಮೀಟರ್ ಓಡುತ್ತಿದ್ದೆ. ಮಳೆಗಾಲದಲ್ಲಿ ನಮ್ಮ ತರಬೇತಿ ಎಂದರೆ ಮೆಟ್ಟಿಲು ಹತ್ತಿ ಇಳಿಯುವುದು, ಕಾರಿಡಾರಿನಲ್ಲಿ ಕಸರತ್ತು. ಹುಲ್ಲಿಗೆ ಇಳಿದರೆ ಶೂ ಒಳಗೆಲ್ಲ ಉಂಬಳ (ಜಿಗಣೆ). ಮಳೆ ಬಿಟ್ಟ ಮೇಲೆ ಆಯ್ಕೆ ಶುರುವಾಗುತ್ತಿತ್ತು. ಅಷ್ಟರಲ್ಲಿ ಕಾಲಿನ ವೇಗವೇ ಹೋಗಿರುತ್ತಿತ್ತು.

ಅದಕ್ಕೇ ಒಂದು ಕೋರಿಕೆ ಸರ್. ಹೊಸ ಬ್ಲಾಕಿನಿಂದ ಹಾಸ್ಟೆಲಿಗೆ ಹೇಗೂ ದಾರಿ ಮಾಡುತ್ತೀರಿ. ಅದನ್ನೇ ನೇರವಾಗಿ, ನಾಲ್ಕೈದು ಮೀಟರ್ ಅಗಲಕ್ಕೆ, ಮೇಲೆ ಶೀಟು ಹಾಕಿ ಮಾಡಿಸಿ. 80 ಮೀಟರ್ ಉದ್ದ ಸಿಕ್ಕರೆ 60 ಮೀಟರ್ ವೇಗದ ಓಟಕ್ಕೆ ಸಾಕು, ನಿಲ್ಲಲೂ ಜಾಗ ಉಳಿಯುತ್ತದೆ. ಅರ್ಧ ಅಗಲಕ್ಕೆ ರಬ್ಬರ್ ಹಾಸು, ಉಳಿದರ್ಧ ನಡೆಯುವವರಿಗೆ. ಇಳಿಜಾರಿನಲ್ಲಿ ಕಟ್ಟುವ ಬ್ಲಾಕ್ ಅಂದಮೇಲೆ ಕೆಳಗೆ ಕಂಬಗಳ ನಡುವೆ ಖಾಲಿ ಜಾಗ ಉಳಿಯುತ್ತದೆ. ಅದನ್ನು ಹಳೆ ಬೆಂಚು, ಮುರಿದ ಕುರ್ಚಿ ತುಂಬಲು ಬಿಡಬೇಡಿ. ಭಾರ ಎತ್ತಲು, ಕುಸ್ತಿ ಮ್ಯಾಟಿಗೆ, ಟೇಬಲ್ ಟೆನಿಸ್‌ಗೆ ಅಲ್ಲಿನ ಎತ್ತರ ಸಾಕಾಗುತ್ತದೆ.

ಹುಡುಗಿಯರ ವಿಷಯ ಯಾವ ನಕ್ಷೆಯಲ್ಲೂ ಕೊನೆಗೆ ಬರುತ್ತದೆ. ನಾವು ಬಟ್ಟೆ ಬದಲಿಸಲು ಹಾಸ್ಟೆಲಿಗೇ ಓಡಬೇಕಿತ್ತು. ಮೈದಾನದ ಪಕ್ಕದಲ್ಲೇ ಬೀಗ, ಬೆಳಕು, ನೀರು ಇರುವ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ ಬೇಕು. ಹಾಸ್ಟೆಲ್ ದಾರಿಯುದ್ದಕ್ಕೂ ದೀಪ ಬೇಕು. ಮಳೆಗಾಲದಲ್ಲಿ ಮೋಡ ಕಟ್ಟಿ ಬೇಗ ಕತ್ತಲು ಕವಿಯುತ್ತದೆ. ದಾರಿ ಕತ್ತಲಾದರೆ ಮನೆಯವರು ಮೊದಲು ಬಿಡಿಸುವುದು ಆಟವನ್ನೇ. ಒಳಾಂಗಣಕ್ಕೆ ಗಾಲಿಕುರ್ಚಿ ಹೋಗುವ ರ‍್ಯಾಂಪ್ ಇರಲಿ. 1 ಅಡಿ ಏರಲು 12 ಅಡಿ ಉದ್ದ ಬೇಕಾಗುತ್ತದೆ, ನಕ್ಷೆಯಲ್ಲೇ ಆ ಜಾಗ ಬಿಡಿಸಿ.

ನಿವೃತ್ತ ಪಿ.ಇ. ಟೀಚರ್, ಭದ್ರಾವತಿ:

ನಮ್ಮ ಮಲೆನಾಡಿನ ಮಕ್ಕಳ ಆಟ ಕಬಡ್ಡಿ, ಖೊಖೊ, ವಾಲಿಬಾಲ್. ಟ್ರ್ಯಾಕಿನ ಗಲಾಟೆಯಲ್ಲಿ ಇವು ಬಿಟ್ಟುಹೋಗಬಾರದು. ಗಂಡುಮಕ್ಕಳ ಕಬಡ್ಡಿಗೆ 13ಕ್ಕೆ 10 ಮೀಟರ್, ಹೆಣ್ಣುಮಕ್ಕಳಿಗೆ 12ಕ್ಕೆ 8. ಖೊಖೊ ಅಂಗಳ 27ಕ್ಕೆ 16. ಇವೆರಡೂ ಒಳಾಂಗಣದಲ್ಲೇ ಒಂದಾದ ಮೇಲೊಂದು ನಡೆಯಬಹುದು. ಮ್ಯಾಟುಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿದು ವಾಸನೆ ಹೋಗುವುದೇ ಇಲ್ಲ.

ಇನ್ನೊಂದು ಮಾತು. ಕಟ್ಟಲು ದುಡ್ಡು ಕೊಡುವವರು ಸಿಗುತ್ತಾರೆ, ಗುಡಿಸಲು ದುಡ್ಡು ಕೊಡುವವರು ಸಿಗುವುದಿಲ್ಲ. ತರಗೆಲೆ ಬಿದ್ದು ಕೊಳೆತರೆ ಟ್ರ್ಯಾಕ್ ಮೇಲೆ ಪಾಚಿ ಕಟ್ಟುತ್ತದೆ. ಓಡುವ ಮಗು ತಿರುವಿನಲ್ಲಿ ಜಾರಿದರೆ ಮೊಣಕಾಲು ಹೋಯಿತು. ಮೈದಾನಕ್ಕೇ ಒಬ್ಬ ಕಾಯಂ ಮನುಷ್ಯ, ವರ್ಷದ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇರಲೇಬೇಕು. ಮದುವೆ, ಸಮಾವೇಶ, ಶಾಮಿಯಾನ ಯಾವುದಕ್ಕೂ ಟ್ರ್ಯಾಕ್ ಕೊಡುವುದಿಲ್ಲವೆಂದು ಆಡಳಿತ ಮಂಡಳಿಯಲ್ಲಿ ಮೊದಲೇ ನಿರ್ಣಯ ಮಾಡಿಸಿಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಕಂಬದ ಅಂತಸ್ತು ಮತ್ತು ಸೂರಿರುವ ದಾರಿ ನಮಗೆ ಹೊಳೆದೇ ಇರಲಿಲ್ಲ. ನಾಳೆಯೇ ವಾಸ್ತುಶಿಲ್ಪಿಗೆ ಹೇಳುತ್ತೇನೆ. ಒಂದು ಸಂದೇಹ. ಟ್ರ್ಯಾಕ್ ತಿರುವು ಬರುವ ಕಡೆ ಹಳೆಯ ನೇರಳೆ, ಹಲಸಿನ ಮರಗಳಿವೆ. ಕಡಿಯುವ ಮಾತು ಬಂದಿದೆ. ಏನು ಮಾಡುವುದು?

ಸಿವಿಲ್ ಎಂಜಿನಿಯರ್, ಶಿವಮೊಗ್ಗ:

ಕಡಿಯುವ ಮೊದಲು ಟ್ರ್ಯಾಕನ್ನೇ ಸರಿಸಲು ಆಗುತ್ತದಾ ನೋಡಿ. ಸಂಜೆ ಬಿಸಿಲು ಓಡುವವರ ಕಣ್ಣಿಗೆ ಹೊಡೆಯದಂತೆ ಉದ್ದದ ಬದಿ ಉತ್ತರ ದಕ್ಷಿಣಕ್ಕೆ ಇರಬೇಕು. ಅದನ್ನು ಕೆಡಿಸದೆ ಹತ್ತಿಪ್ಪತ್ತು ಮೀಟರ್ ಆಚೀಚೆ ಮಾಡಿದರೆ ಮರ ಉಳಿಯಬಹುದು. ಆಗಲೇ ಇಲ್ಲವೆಂದರೆ 8ರ ಬದಲು 6 ಲೇನ್ ಸಾಕು. ಅಭ್ಯಾಸಕ್ಕೆ ಏನೂ ಕೊರತೆ ಆಗುವುದಿಲ್ಲ. ಧರೆ ಅಂಚಿನ ಮರ ತೆಗೆದರೆ ಬೇರಿನ ಹಿಡಿತ ಹೋಗಿ ಮಣ್ಣು ಕುಸಿಯುತ್ತದೆ. ನೀವು ತಡೆಗೋಡೆಗೆ ಇನ್ನೂ ಜಾಸ್ತಿ ಖರ್ಚು ಮಾಡಬೇಕಾದೀತು. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಅದಕ್ಕೂ ಮೊದಲು ಜಾಗದ ದಾಖಲೆ ತೆಗೆಸಿ. ನಮ್ಮ ಜಿಲ್ಲೆಯಲ್ಲಿ ಕಂದಾಯ ಮತ್ತು ಅರಣ್ಯ ಇಲಾಖೆಯ ಗಡಿ ಗೊಂದಲ ಹೊಸದಲ್ಲ. ಮೂಲೆಯೊಂದು ಅರಣ್ಯದ ದಾಖಲೆಯಲ್ಲಿದ್ದರೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರ ತಿದ್ದುಪಡಿಯ ನಂತರದ ಹೆಸರು ವನ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ) ಅಡಿ ಕೇಂದ್ರದ ಒಪ್ಪಿಗೆ ಬೇಕಾಗುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎರಡೂ ಇಲಾಖೆಯವರನ್ನು ಕರೆಸಿ ಜಂಟಿ ಸರ್ವೆ ಮಾಡಿಸಿಕೊಳ್ಳಿ. ಲೆವೆಲ್ ತೆಗೆದ ನಕ್ಷೆ ಬಂದ ಮೇಲೆ ಇಲ್ಲೇ ಹಾಕಿ ಸರ್. ಕಡಿಯುವುದೆಷ್ಟು, ತುಂಬುವುದೆಷ್ಟು ಎಂದು ಕೂತು ಲೆಕ್ಕ ಹಾಕಿ ಕೊಡುತ್ತೇನೆ.