ಗೆಲಿಲಿಯೋ ನಿಜವಾಗ್ಲೂ ಪೀಸಾ ಗೋಪುರದಿಂದ ಗುಂಡು ಬೀಳ್ಸಿದ್ನಾ?

ಮಲ್ನಾಡ್_ಅಪ್ಪ:
ಎಲ್ರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ನಿನ್ನೆ ರಾತ್ರಿ ಓದ್ತಾ ಓದ್ತಾ ಕೇಳಿದ್ಲು, ಅಪ್ಪಾ ಭಾರದ ವಸ್ತು ಬೇಗ ಬೀಳುತ್ತೆ ಅಂತ ಅರಿಸ್ಟಾಟಲ್ ಹೇಳಿದ್ನಂತೆ, ಎರಡು ಗುಂಡು ಮೇಲಿಂದ ಬಿಟ್ಟು ನೋಡೋದು ಯಾರಿಗ್ ಬೇಕಾದ್ರೂ ಆಗುತ್ತಲ್ಲ, ಅರಿಸ್ಟಾಟಲ್ ಆದ್ಮೇಲೆ ಸುಮಾರು 1900 ವರ್ಷ ಯಾರೂ ಮಾಡ್ಲಿಲ್ವಾ ಅಂತ. ನಂಗೆ ಉತ್ತರ ಹೊಳೀಲಿಲ್ಲ. ತಿಳಿದೋರು ಹೇಳಿ.

ದೊಡ್ಡಾಲದಮರ:
ಒಳ್ಳೇ ಪ್ರಶ್ನೆ ಸರ್. ಮಾಡಿದ್ರು! 6ನೇ ಶತಮಾನದಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪಂಡಿತ ಫಿಲೊಪೊನಸ್, ಭಾರ ಎಷ್ಟೇ ಹೆಚ್ಚಿದ್ರೂ ಬೀಳೋ ಟೈಮಲ್ಲಿ ಅಂಥಾ ವ್ಯತ್ಯಾಸ ಇಲ್ಲ ಅಂತ ಬರೆದಿದ್ದ. ಹಾಲೆಂಡಲ್ಲಿ ಸೈಮನ್ ಸ್ಟೆವಿನ್ ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಭಾರ ಇರೋ ಸೀಸದ ಗುಂಡುಗಳನ್ನ 30 ಅಡಿ ಮೇಲಿಂದ ಬಿಟ್ಟು, ಎರಡೂ ಒಟ್ಟಿಗೇ ಬಿದ್ವು ಅಂತ 1586ರಲ್ಲಿ ಪುಸ್ತಕದಲ್ಲಿ ಬರೆದ. ಗೆಲಿಲಿಯೋ ಪೀಸಾ ಗೋಪುರದಿಂದ ಬೀಳ್ಸಿದ ಅನ್ನೋ ಕಥೆ ಹೇಳಿದ್ದು ಅವನ ಶಿಷ್ಯ ವಿವಿಯಾನಿ, ನಿಜವಾಗ್ಲೂ ನಡೀತಾ ಅನ್ನೋದು ಖಚಿತ ಇಲ್ಲ.

ಫಿಸಿಕ್ಸ್_ಮೇಷ್ಟ್ರು:
ನನ್ ಪ್ರಕಾರ ಹೊಸದು ಇದ್ದಿದ್ದು ಬೀಳ್ಸೋದ್ರಲ್ಲಿ ಅಲ್ಲ, ಅಳೆಯೋದ್ರಲ್ಲಿ. ನೆಟ್ಟಗೆ ಬೀಳೋ ಗುಂಡು ಕಣ್ಮುಚ್ಚಿ ಬಿಡೋದ್ರೊಳಗೆ ನೆಲದಲ್ಲಿರುತ್ತೆ, ಆಗ ಸೆಕೆಂಡ್ ಸರಿಯಾಗಿ ಅಳೆಯೋ ಗಡಿಯಾರನೂ ಇರ್ಲಿಲ್ಲ, ಅದಕ್ಕೇ ಗೆಲಿಲಿಯೋ ಬೀಳೋದನ್ನೇ ನಿಧಾನ ಮಾಡ್ಬಿಟ್ಟ. ಸುಮಾರು 7 ಮೀಟರ್ ಉದ್ದದ ಮರದ ಹಲಗೇಲಿ ಉದ್ದಕ್ಕೂ ತೋಡು ಕೊರೆದು, ಒಳಗೆ ನುಣುಪಾದ ಚರ್ಮದ ಹಾಳೆ ಅಂಟಿಸಿ, ಒಂದ್ ತುದಿ ಎತ್ತಿಟ್ಟು ಕಂಚಿನ ಗುಂಡು ಉರುಳಿಸಿದ. ಟೈಮಿಗೆ, ದೊಡ್ಡ ಪಾತ್ರೆ ತಳದಿಂದ ಸಣ್ಣ ನಳಿಗೇಲಿ ಬೀಳೋ ನೀರನ್ನ ಹಿಡಿದು ತಕ್ಕಡೀಲಿ ತೂಗಿದ! ನೂರು ಸಲ ಮಾಡಿದ್ವಿ ಅಂತ 1638ರ ಪುಸ್ತಕದಲ್ಲಿ ಬರೀತಾನೆ. ಟೈಮ್ ಎರಡು ಪಟ್ಟಾದ್ರೆ ದೂರ ನಾಲ್ಕು ಪಟ್ಟು, ಮೂರಾದ್ರೆ ಒಂಬತ್ತು. ಯಾಕೆ ಬೀಳುತ್ತೆ ಅನ್ನೋ ಜಗಳನ ಪಕ್ಕಕ್ಕಿಟ್ಟು, ಹೇಗೆ ಬೀಳುತ್ತೆ ಅಂತ ಲೆಕ್ಕ ಕೇಳಿದ್ದೇ ದೊಡ್ಡ ತಿರುವು, ಕ್ಲಾಸಲ್ಲಿ ಇದನ್ನ ಹೇಳುವಾಗ ನಂಗೆ ಈಗ್ಲೂ ಮೈ ಜುಮ್ ಅನ್ನುತ್ತೆ.

ದೊಡ್ಡಾಲದಮರ:
ಮೇಷ್ಟ್ರೇ, ಒಂದ್ ಸೇರಿಸ್ತೀನಿ. ಒಂದೇ ಸಮ ಹೆಚ್ಚೋ ವೇಗದ ಲೆಕ್ಕ 14ನೇ ಶತಮಾನದ ಆಕ್ಸ್‌ಫರ್ಡ್ ಪಂಡಿತರ ಹತ್ರ ಆಗ್ಲೇ ಇತ್ತು, ಆದ್ರೆ ಬರೀ ಕಾಗದದ ಮೇಲೆ. ಅದನ್ನ ಉರುಳೋ ಗುಂಡಿಗೆ ಹಚ್ಚಿ ನೋಡಿದ್ದು ಗೆಲಿಲಿಯೋ.

ಮಲ್ನಾಡ್_ಅಪ್ಪ:
ಇಬ್ರಿಗೂ ಥ್ಯಾಂಕ್ಸ್. ಇವತ್ತು ಅಲ್ಯೂಮಿನಿಯಂ ಚಾನೆಲ್ಲು, ಗೋಲಿ, ತೂತು ಮಾಡಿದ ಬಾಟಲಿ ಇಟ್ಕೊಂಡು ಸಂಜೆವರೆಗೂ ಕೂತ್ವಿ. ಕಾಲು ಭಾಗ ಉರುಳೋಕೆ ಬಿದ್ದ ನೀರಿನ ಹತ್ತತ್ರ ಎರಡರಷ್ಟು, ಪೂರ್ತಿ ಉರುಳೋಕೆ ಬಿತ್ತು. ಈಗ ಭಾರದ ಗುಂಡು ಹಾಕಿದ್ರೂ ಅಷ್ಟೇ ಬರುತ್ತಾ ನೋಡೋಣ ಅಂತಿದಾಳೆ, ಬೇರಿಂಗ್ ಗುಂಡು ಹುಡುಕ್ತಾ ಇದೀವಿ.